ಜಂಬೋ ನನ್ನ ಕಡತದಲ್ಲೇ ಇತ್ತು

ನಮ್ಮ ಸಮೀಕ್ಷಾ ಕಚೇರಿಗೆ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವಾಗ ನಾನು ಪ್ರತಿ ವರ್ಷ ಹೇಳುವ ಕಥೆ ಒಂದಿದೆ. ಕಥೆ ನನ್ನದಲ್ಲ, ಸಂಖ್ಯಾಶಾಸ್ತ್ರಜ್ಞ ಡಿ. ಬಸು 1971ರಲ್ಲಿ ಬರೆದ ಪ್ರಬಂಧದ್ದು. ಸರ್ಕಸ್ ಮಾಲೀಕನೊಬ್ಬನ ಬಳಿ 50 ಆನೆಗಳಿವೆ. ಅವನಿಗೆ ಅವುಗಳ ಒಟ್ಟು ತೂಕ ಬೇಕು. ಮೂರು ವರ್ಷದ ಹಿಂದಿನ ಲೆಕ್ಕದಲ್ಲಿ ಸ್ಯಾಂಬೋ ಎಂಬ ಆನೆ ಸರಿಯಾಗಿ ಮಧ್ಯಮ ತೂಕದ್ದಾಗಿತ್ತು. ಅದೊಂದನ್ನೇ ತೂಗಿ 50ರಿಂದ ಗುಣಿಸಿದರೆ ಮುಗಿಯಿತಲ್ಲ ಎಂಬುದು ಮಾಲೀಕನ ಯೋಚನೆ. ಯಾದೃಚ್ಛಿಕ ಆಯ್ಕೆಯೇ ಇಲ್ಲವಲ್ಲ ಎಂದು ಸರ್ಕಸ್ಸಿನ ಸಂಖ್ಯಾಶಾಸ್ತ್ರಜ್ಞ ಹೌಹಾರುತ್ತಾನೆ. ಕೊನೆಗೆ ರಾಜಿಯಾಗುತ್ತದೆ: ಸ್ಯಾಂಬೋ ಆಯ್ಕೆಯಾಗುವ ಸಂಭವನೀಯತೆ 99/100, ಉಳಿದ 49 ಆನೆಗಳಿಗೆ ತಲಾ 1/4900. ನಿರೀಕ್ಷೆಯಂತೆ ಸ್ಯಾಂಬೋನೇ ಬರುತ್ತದೆ. ಮಾಲೀಕ 50ರಿಂದ ಗುಣಿಸಲು ಹೊರಟರೆ, ಹಾರ್ವಿಟ್ಸ್-ಥಾಂಪ್ಸನ್ ಸೂತ್ರದ (ಅಳತೆಯನ್ನು ಆಯ್ಕೆಯ ಸಂಭವನೀಯತೆಯಿಂದ ಭಾಗಿಸುವುದು) ಪ್ರಕಾರ ಗುಣಿಸಬೇಕಾದದ್ದು 100/99ರಿಂದ ಎನ್ನುತ್ತಾನೆ ನಮ್ಮವನು. ಐವತ್ತು ಆನೆಗಳ ತೂಕ ಒಂದು ಆನೆಗಿಂತ ಚೂರೇ ಚೂರು ಹೆಚ್ಚು! ಅಕಸ್ಮಾತ್ ಎಲ್ಲಕ್ಕಿಂತ ದೊಡ್ಡದಾದ ಜಂಬೋ ಬಂದಿದ್ದರೆ? ಅದರ ತೂಕವನ್ನು 4,900ರಿಂದ ಗುಣಿಸಬೇಕಿತ್ತು. ಶಾಸ್ತ್ರಜ್ಞ ಕೆಲಸ ಕಳೆದುಕೊಳ್ಳುತ್ತಾನೆ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ನಾನೂ ನಗುತ್ತಿದ್ದೆ.

ನನ್ನ ಸಂಶೋಧನೆಯೆಲ್ಲ ಅಂದಾಜು ವಿಧಾನಗಳದ್ದು. ಎಲ್ಲ ಸಮಷ್ಟಿಗಳಿಗೂ ಸಲ್ಲುವ ಅತ್ಯುತ್ತಮವಾದ ಒಂದೇ ನಿಷ್ಪಕ್ಷ (ಸರಾಸರಿಯಲ್ಲಿ ಸರಿಯುತ್ತರ ಕೊಡುವ) ರೇಖೀಯ ಅಂದಾಜುಕ, ಅಂದರೆ ಅಂದಾಜಿನ ಸೂತ್ರ, ಇರಲು ಸಾಧ್ಯವಿಲ್ಲ ಎಂದು ವಿ. ಪಿ. ಗೋಡಂಬೆ 1955ರಲ್ಲೇ ತೋರಿಸಿಕೊಟ್ಟಿದ್ದಾರೆ. ಅತ್ಯುತ್ತಮ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ನನ್ನಂಥವರಿಗೆ ಉಳಿದದ್ದು 'ಇದಕ್ಕಿಂತ ಅದು ಸ್ವಲ್ಪ ವಾಸಿ' ಎಂದು ಸಾಧಿಸುವ ಕೆಲಸ. ವೇರಿಯನ್ಸಿನ (ಅಂದಾಜಿನ ಏರಿಳಿತದ) ಎರಡನೆಯ ದಶಮಾಂಶಕ್ಕಾಗಿ ವರ್ಷಗಟ್ಟಲೆ ಗುದ್ದಾಡಿದ್ದೇನೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಆ ವರ್ಷಗಳಲ್ಲಿ ನಾನು ಕ್ಷೇತ್ರಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ, ಅದೂ ಫೋಟೊ ತೆಗೆಸಿಕೊಳ್ಳುವ ದಿನಗಳಲ್ಲಿ.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಸಣ್ಣ ಉದ್ದಿಮೆಗಳ ಸಮೀಕ್ಷೆ. ಆಯ್ಕೆ ಪಿಪಿಎಸ್, ಅಂದರೆ ಘಟಕ ದೊಡ್ಡದಾದಷ್ಟೂ ಅದು ಆಯ್ಕೆಯಾಗುವ ಸಂಭವ ಹೆಚ್ಚು. ಗಾತ್ರದ ಅಳತೆ ಹಳೆಯ ಫ್ರೇಮಿನದು, ಅಂದರೆ ಘಟಕಗಳ ಪಟ್ಟಿಯದು. ಫ್ರೇಮ್ ಎಷ್ಟು ಹಳೆಯದು ಎಂದು ಕೇಳಬಾರದೆಂಬ ಅಲಿಖಿತ ನಿಯಮ ನಮ್ಮಲ್ಲಿತ್ತು. ಬಿಡುಗಡೆಯ ದಿನಾಂಕವನ್ನಂತೂ ಶೆಡ್ಯೂಲ್ (ಪ್ರಶ್ನಾವಳಿ) ಮುದ್ರಣಕ್ಕೆ ಹೋಗುವ ಮೊದಲೇ ಮೇಲಿನವರು ನಿಗದಿ ಮಾಡಿದ್ದರು.

ಸಭೆಯ ಹಿಂದಿನ ರಾತ್ರಿ ಕೊನೆಯ ಕೋಷ್ಟಕಗಳನ್ನು ಓಡಿಸಿದೆ. ಒಂದು ಸ್ಟ್ರಾಟಮ್ಮಿನಲ್ಲಿ (ಘಟಕಗಳ ಒಂದು ಗುಂಪಿನಲ್ಲಿ), ಒಂದನ್ನೊಂದು ಪರೀಕ್ಷಿಸಲೆಂದು ಬೇರೆ ಬೇರೆಯಾಗಿ ತೆಗೆದ ಎರಡು ಸಬ್‌ಸ್ಯಾಂಪಲ್‌ಗಳ ಅಂದಾಜುಗಳು ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂತಿದ್ದವು. ಆರ್‌ಎಸ್‌ಇ (ಅಂದಾಜಿನ ದೋಷ ಶೇಕಡಾ ಎಷ್ಟೆಂಬ ಅಳತೆ) ನೋಡುವ ಹಾಗಿರಲಿಲ್ಲ. ಹುಡುಕುತ್ತಾ ಹೋದರೆ ಎಲ್ಲ ರಗಳೆಗೂ ಕಾರಣ ಒಂದೇ ಸಾಲು. ಫ್ರೇಮಿನಲ್ಲಿ ಗಾತ್ರ 6. ಗಾತ್ರ ಚಿಕ್ಕದಾದ್ದರಿಂದ ಮಲ್ಟಿಪ್ಲೈಯರ್ (ಆ ಘಟಕ ಎಷ್ಟು ಘಟಕಗಳ ಪರವಾಗಿ ನಿಲ್ಲುತ್ತದೆ ಎಂಬ ಗುಣಕ) ದೊಡ್ಡದು, 410. ಶೆಡ್ಯೂಲಿನಲ್ಲಿ ಬರೆದ ಕೆಲಸಗಾರರ ಸಂಖ್ಯೆ 320. ಗುಣಿಸಿದರೆ 1,31,200. ಒಂದು ಶೆಡ್ಡು ಇಡೀ ಸ್ಟ್ರಾಟಮ್ಮನ್ನು ಬೆನ್ನ ಮೇಲೆ ಹೊತ್ತು ನಿಂತಿತ್ತು.

ಆರು ಜನ ಇದ್ದಲ್ಲಿ 320 ಜನ ಹೇಗೆ ಬರುತ್ತಾರೆ? ಡೇಟಾ ಎಂಟ್ರಿಯಲ್ಲಿ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿರಬೇಕು ಎಂದುಕೊಂಡೆ. 32 ಎಂದು ತಿದ್ದಿದೆ. ಮತ್ತೆ ಓಡಿಸಿದೆ. ಸಬ್‌ಸ್ಯಾಂಪಲ್‌ಗಳೆರಡೂ ಹತ್ತಿರ ಬಂದವು, ಆರ್‌ಎಸ್‌ಇ ಒಂದಂಕಿಗೆ ಇಳಿಯಿತು, ಹಿಂದಿನ ಸುತ್ತಿನ ಅಂಕಿಯ ಪಕ್ಕದಲ್ಲಿಟ್ಟರೆ ಹೊಸ ಅಂಕಿ ಮರ್ಯಾದಸ್ಥನಂತೆ ಕಂಡಿತು. ತಿದ್ದುವಾಗ ಕೈ ನಡುಗಿದ್ದರೆ ಇವತ್ತು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಡುಗಲಿಲ್ಲ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮನೆಗೆ ಹೋಗಿ ನಿದ್ದೆ ಮಾಡಿದೆ.

1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆಗಳಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೊಬಿಸ್ ಈ ಜೋಡಿ ಮಾದರಿಗಳನ್ನು ಬಳಕೆಗೆ ತಂದದ್ದು, ಎರಡು ಅಂದಾಜುಗಳು ಜಗಳವಾಡಿದರೆ ಕ್ಷೇತ್ರಕ್ಕೆ ಹೋಗಿ ನೋಡಿ ಎಂಬ ಕಾರಣಕ್ಕೆ. ನಾನು ಇಬ್ಬರಲ್ಲೊಬ್ಬರ ಬಾಯಿ ಮುಚ್ಚಿಸಿ ಜಗಳ ನಿಂತಿತು ಎಂದು ಬರೆದುಕೊಂಡೆ.

ಮರುದಿನದ ಸಭೆಗೆ ಕ್ಷೇತ್ರ ವಿಭಾಗದವರೂ ಬಂದಿದ್ದರು. ಸಾಮಾನ್ಯವಾಗಿ ಅವರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಆ ದಿನ ಹಿರಿಯ ಮೇಲ್ವಿಚಾರಕಿಯೊಬ್ಬರು ಕೋಷ್ಟಕದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು ಓದುತ್ತಿದ್ದರು. ನಾನು ಕ್ಯಾಲಿಬ್ರೇಷನ್ನಿನ ಸ್ಲೈಡಿನಲ್ಲಿದ್ದೆ.

"ಸರ್, 100ಕ್ಕಿಂತ ಹೆಚ್ಚು ಕೆಲಸಗಾರರು ಎಂಬ ಕಾಲಮ್ಮಿನಲ್ಲಿ ನಮ್ಮ ಕಡೆ ಬರೀ ಗೆರೆ ಇದೆಯಲ್ಲ?"

ಮಾದರಿಯಲ್ಲಿ ಅಂಥ ಘಟಕ ಬಂದಿಲ್ಲ ಮೇಡಂ, ಎಂದೆ.

"ಬಂದಿದೆ ಸರ್. ನಾನೇ ಹೋಗಿದ್ದೆ. ಒಳಗೆ ಬಿಡಲಿಲ್ಲ ಎಂದು ಎರಡು ಸಲ ಹೋದೆ. ಮಸ್ಟರ್ ರೋಲ್ ನೋಡಿಯೇ ಬರೆದುಕೊಂಡದ್ದು."

ನನಗೆ ತಕ್ಷಣ ಗೊತ್ತಾಯಿತು. ಗೊತ್ತಾದ ಮೇಲೂ ಲ್ಯಾಪ್‌ಟಾಪಿನಲ್ಲಿ ಹುಡುಕುವವನಂತೆ ಒಂದೆರಡು ನಿಮಿಷ ಕಡತಗಳನ್ನು ತೆರೆದು ಮುಚ್ಚಿದೆ. ಪರದೆ ಪ್ರೊಜೆಕ್ಟರಿಗೆ ಜೋಡಿಸಿಯೇ ಇತ್ತು. ನಾನು ಏನನ್ನೂ ಹುಡುಕುತ್ತಿಲ್ಲವೆಂಬುದನ್ನು ಇಡೀ ಕೊಠಡಿ ನೋಡುತ್ತಿತ್ತು. ಕೊನೆಗೆ ಹೇಳಿದೆ: "ಸ್ಕ್ರೂಟಿನಿಯಲ್ಲಿ ಸರಿಪಡಿಸಲಾಗಿದೆ."

ಕನ್ನಡದಲ್ಲಿ ಕಚೇರಿಯವರಿಗಾಗಿಯೇ ಮಾಡಿಟ್ಟಂತಿರುವ ವಾಕ್ಯ ಅದು. ಕೆಲಸ ಆಗಿರುತ್ತದೆ, ಮಾಡಿದವನು ಮಾತ್ರ ಇರುವುದಿಲ್ಲ.

ನಿರ್ದೇಶಕರು ಕನ್ನಡಕ ತೆಗೆದರು. "ಯಾರು ಸರಿಪಡಿಸಿದ್ದು?"

"ನಾನು, ಸರ್."

"ಯಾರನ್ನು ಕೇಳಿ?"

ಉತ್ತರವಿರಲಿಲ್ಲ. ಆ ಮೇಲ್ವಿಚಾರಕಿ ಕೋಪಗೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೆಲ್ಲಗೆ, "ರಿಮಾರ್ಕ್ಸ್‌ನಲ್ಲಿ ಬರೆದಿದ್ದೆನಲ್ಲ ಸರ್" ಎಂದರು, ತಪ್ಪು ತಮ್ಮದೇ ಇರಬಹುದೇನೋ ಎಂಬ ಧ್ವನಿಯಲ್ಲಿ.

ಬರೆದಿದ್ದರು. ಆಮೇಲೆ ಮೂಲ ಶೆಡ್ಯೂಲ್ ತರಿಸಿ ನೋಡಿದೆ: 'ಹಳೆಯ ಘಟಕ. ಪಕ್ಕದ ಎರಡು ಶೆಡ್ ಸೇರಿಸಿಕೊಂಡಿದ್ದಾರೆ. ಸಂಖ್ಯೆ ಖಚಿತ.' ಅಂಕಿ ನೋಡಿದವರು ನಂಬುವುದಿಲ್ಲ ಎಂದು ಮೊದಲೇ ಊಹಿಸಿ 'ಖಚಿತ'ದ ಕೆಳಗೆ ಗೆರೆ ಎಳೆದಿದ್ದರು. ನಮ್ಮ ಎಂಟ್ರಿ ತಂತ್ರಾಂಶ ಆ ಟಿಪ್ಪಣಿಯನ್ನು ಅರ್ಧಕ್ಕೆ ಕತ್ತರಿಸಿ ಇಟ್ಟುಕೊಂಡಿತ್ತು. ಉಳಿದರ್ಧವನ್ನು ನನ್ನ ಪ್ರೋಗ್ರಾಂ ಓದುತ್ತಲೇ ಇರಲಿಲ್ಲ. ಅಕ್ಷರವಿರುವ ಕಾಲಮ್ಮುಗಳನ್ನೆಲ್ಲ ಆರಂಭದಲ್ಲೇ ಕಿತ್ತೆಸೆಯುವ ಸಾಲನ್ನು ಅದರಲ್ಲಿ ಬರೆದದ್ದು ನಾನೇ. ತಂತ್ರಾಂಶವನ್ನು ಬಯ್ಯಲು ಶುರುಮಾಡಿದ್ದೆ, ಅರ್ಧದಲ್ಲಿ ನಿಲ್ಲಿಸಬೇಕಾಯಿತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋದದ್ದು ಒಂದು ಸೊನ್ನೆಗೆ, ಆನೆ ಎದುರಿಗೇ ನಿಂತಿರುವಾಗ. ವರ್ಷವರ್ಷವೂ ಜಂಬೋನ ಕಥೆ ಹೇಳಿ ನಗಿಸುವವನಿಗೆ ತನ್ನದೇ ಕಡತದಲ್ಲಿ ಜಂಬೋ ಬಂದಾಗ ಗುರುತು ಸಿಗಲಿಲ್ಲ.

ಆ ತಿದ್ದುಪಡಿಗಿಂತ ನನ್ನನ್ನು ಈಗ ಹೆಚ್ಚು ಕಾಡುವುದು ಬೇರೆ. ನಾನು ಆ ಸಾಲನ್ನು ಹುಡುಕಿದ್ದು ಅದು ಕಣ್ಣಿಗೆ ಚುಚ್ಚಿದ್ದರಿಂದ. 30 ಇದ್ದ ಕಡೆ ಯಾರೋ 3 ಎಂದು ಬರೆದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಂಥ ತಪ್ಪು ಸಬ್‌ಸ್ಯಾಂಪಲ್ಲನ್ನು ಕದಲಿಸುವುದಿಲ್ಲ, ಆರ್‌ಎಸ್‌ಇಯನ್ನು ಕೆಡಿಸುವುದಿಲ್ಲ, ಸದ್ದಿಲ್ಲದೆ ಪ್ರಕಟವಾಗುತ್ತದೆ. ಅಂದಾಜನ್ನು ಮೇಲಕ್ಕೆ ಎತ್ತುವ ತಪ್ಪುಗಳನ್ನಷ್ಟೇ ಬೇಟೆಯಾಡಿ, ಕೆಳಕ್ಕೆ ಎಳೆಯುವವನ್ನು ಬಿಟ್ಟುಬಿಟ್ಟರೆ ಸ್ಕ್ರೂಟಿನಿಯೇ ಒಂದು ಪಕ್ಷಪಾತ. ನಿಷ್ಪಕ್ಷ ಅಂದಾಜುಕದ ಮೇಲೆ ಪ್ರಬಂಧ ಬರೆದವನು ನಾನು! ಎಷ್ಟು ಸುತ್ತುಗಳಲ್ಲಿ ಹೀಗೆ ಎಷ್ಟು ಸಾಲುಗಳನ್ನು 'ಸರಿಪಡಿಸಲಾಗಿದೆ'ಯೋ, ಲೆಕ್ಕ ಇಟ್ಟಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. 320 ನಿಜವೆಂದಾದ ಮೇಲೆ ಏನು ಮಾಡುವುದು? ಡೇಟಾ ಎಂದರೆ ಡೇಟಾ, 410ರಿಂದಲೇ ಗುಣಿಸಿ ಎಂದರು ಕೆಲವರು. ಅಂಥ 410 ಕಾರ್ಖಾನೆಗಳು ಆ ಸ್ಟ್ರಾಟಮ್ಮಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನಾನು ರೇ ಚೇಂಬರ್ಸ್ 1986ರಲ್ಲಿ ಮಾಡಿದ ವಿಂಗಡಣೆಯನ್ನು ಮುಂದಿಟ್ಟೆ: ಸರಿಯಾಗಿ ದಾಖಲಾದ, ತನ್ನಂಥವು ಹೊರಗೆ ಇನ್ನೂ ಇರಬಹುದಾದ ವಿಪರೀತ ಅಂಕಿ ಒಂದು ಬಗೆ, ತಪ್ಪಾಗಿ ದಾಖಲಾದದ್ದು ಅಥವಾ ತನಗೆ ತಾನೇ ಸಾಟಿಯಾದದ್ದು ಇನ್ನೊಂದು ಬಗೆ. ಇದು ಎರಡನೆಯ ಬಗೆ, ತನ್ನನ್ನು ಬಿಟ್ಟು ಬೇರಾರನ್ನೂ ಪ್ರತಿನಿಧಿಸುವುದಿಲ್ಲ, ಮಲ್ಟಿಪ್ಲೈಯರ್ 1 ಎಂದು ಕೊಡೋಣ ಎಂದೆ. ಬಹಳ ಚೆನ್ನಾಗಿ ವಾದಿಸಿದೆ. ಎಲ್ಲರೂ ಒಪ್ಪಿದರು.

ಈ ಸಲ ಕೇಳುವ ಬುದ್ಧಿ ಬಂದಿತ್ತು. ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಯೋಚಿಸಿ ಹೇಳಿದರು: "ಅದೇ ರಸ್ತೆಯಲ್ಲಿ ಹೀಗೆ ಸೇರಿಸಿಕೊಂಡವು ಇನ್ನೂ ಎರಡೋ ಮೂರೋ ಇವೆ ಸರ್. ನಮ್ಮ ಮಾದರಿಯಲ್ಲಿ ಇರಲಿಲ್ಲ, ಅದಕ್ಕೆ ಬರೆಯಲಿಲ್ಲ."

ಅಂದರೆ 410 ತಪ್ಪು, 1 ಕೂಡ ತಪ್ಪು. ಆ ಪ್ರದೇಶದ ಲಿಸ್ಟಿಂಗ್ (ಘಟಕಗಳ ಪಟ್ಟಿ) ಮತ್ತೆ ಮಾಡಿಸಿದರೆ ಮಾತ್ರ ತಿಳಿಯುವ ವಿಷಯ. ಕಡತ ಮೇಲೆ ಹೋಯಿತು. ಮುಂದಿನ ಸುತ್ತಿನಲ್ಲಿ ಪರಿಶೀಲಿಸಬಹುದು ಎಂಬ ಷರಾದೊಂದಿಗೆ ಕೆಳಗೆ ಬಂತು. ದಿನಾಂಕ ಮುಂದೂಡುವಂತಿರಲಿಲ್ಲ. ವಿನ್ಸರೈಸ್ ಮಾಡಿ, ಅಂದರೆ ವಿಪರೀತವನ್ನು ಒಂದು ಮಿತಿಗೆ ಇಳಿಸಿ, ನಡುವಿನದೊಂದು ಮಲ್ಟಿಪ್ಲೈಯರ್ ಹಾಕಿದೆವು, ಕೋಷ್ಟಕದ ಅಡಿಯಲ್ಲಿ ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಕೊಟ್ಟೆವು. ಆ ಗೆರೆ ಇದ್ದ ಕೋಶದಲ್ಲಿ ಈಗ ಒಂದು ಅಂಕಿ ಇದೆ. ಅದನ್ನು ಯಾರಾದರೂ ಉಲ್ಲೇಖಿಸಿದಾಗಲೆಲ್ಲ ನನಗೆ ಇರಿಸುಮುರಿಸು.

ಈಗ ನನ್ನ ಪ್ರೋಗ್ರಾಂ ರಿಮಾರ್ಕ್ಸ್ ಕಾಲಮ್ಮನ್ನು ಮೊದಲು ತೋರಿಸುತ್ತದೆ. ಹೆಚ್ಚಿನವು ಕೆಲಸಕ್ಕೆ ಬಾರದವು: ಬೀಗ ಹಾಕಿದೆ, ಮಾಲೀಕರು ಊರಿನಲ್ಲಿಲ್ಲ, ನಾಯಿ ಇದೆ. ಎಲ್ಲವನ್ನೂ ಓದುತ್ತೇನೆ, ತಂಡದವರು ಗೊಣಗುತ್ತಾರೆ. ಮೊನ್ನೆ ಒಂದು ಸಾಲು ಬಂತು: 'ಒಳಗೆ ಬಿಡಲಿಲ್ಲ. ಸದ್ದು ಕೇಳಿದರೆ ಮೂರು ಜನರ ಘಟಕ ಅನ್ನಿಸುವುದಿಲ್ಲ.' ಬರೆದ ಹುಡುಗನ ನಂಬರ್ ತೆಗೆದುಕೊಂಡಿದ್ದೇನೆ, ನಾಳೆ ಬೆಳಿಗ್ಗೆ ಅವನ ಜೊತೆ ಹೋಗುತ್ತೇನೆ. ಅದರ ಮಲ್ಟಿಪ್ಲೈಯರ್ ಎಷ್ಟೆಂದು ಇನ್ನೂ ನೋಡಿಲ್ಲ.