ಕೆಟ್ಟ ಬ್ಯಾಚಿನ ಲೆಕ್ಕ

ಮೊದಲ ಸಭೆಯಲ್ಲಿ ಪೇಟೆಂಟ್ ವಕೀಲರು ನಮ್ಮ ಒಳ್ಳೆಯ ಬ್ಯಾಚಿನ ಸುದ್ದಿಯನ್ನೇ ಎತ್ತಲಿಲ್ಲ. "ಕೆಟ್ಟುಹೋದದ್ದು ಯಾವುದಾದರೂ ಇದೆಯಾ? ಅದರ ಅಂಕಿ ಕೊಡಿ" ಅಂದರು.

ನಾನಿರುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಮಾಡಲು ಬೇಕಾದ ಕ್ಯಾಟಲಿಸ್ಟ್‌ಗಳ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳ, ಲ್ಯಾಬಿನಲ್ಲಿ. ಮನೆಯ ಪ್ಲಾಸ್ಟಿಕ್ ಕುರ್ಚಿ, ಸಿಮೆಂಟಿನ ಚೀಲ ಎಲ್ಲ ಸಾಮಾನ್ಯವಾಗಿ ಇದರದ್ದೇ. ಕ್ಯಾಟಲಿಸ್ಟ್ ಮಾಡಲು ಮೆಗ್ನೀಸಿಯಂ ಕ್ಲೋರೈಡಿನ ಕಣಗಳ ಮೇಲೆ ಟೈಟಾನಿಯಂ ಕೂರಿಸಬೇಕು. ಟೈಟಾನಿಯಂ ಟೆಟ್ರಾಕ್ಲೋರೈಡಿಗೆ ಗಾಳಿಯ ತೇವ ತಾಗಿದರೆ ಬಿಳಿ ಹೊಗೆ. ಜೊತೆಗೆ ಬಳಸುವ ಟ್ರೈಈಥೈಲ್ ಅಲ್ಯೂಮಿನಿಯಂ ಅಂತೂ ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಡೋನರ್ ಎಂಬ ಇನ್ನೊಂದು ರಾಸಾಯನಿಕವನ್ನು ಎಷ್ಟು ಬಿಸಿಯಲ್ಲಿ ಸೇರಿಸಬೇಕು ಎನ್ನುವುದೇ ನಾವು ಪೇಟೆಂಟ್ ಕೇಳುತ್ತಿದ್ದ ಹೊಸ ವಿಧಾನದ ಜೀವಾಳ.

ಆ ಬಿಸಿ ತಪ್ಪಿದ ಬ್ಯಾಚೊಂದು ಎರಡು ವರ್ಷ ಮೊದಲೇ ನನ್ನ ಕೈಯಲ್ಲೇ ಆಗಿತ್ತು. ಆ ಕ್ಯಾಟಲಿಸ್ಟ್ ಹಾಕಿ ಪ್ರೊಪಿಲೀನ್ ಅನಿಲ ಹಾಯಿಸಿ ನೋಡಿದರೆ, ರವೆಯಂತೆ ಉದುರಬೇಕಾದದ್ದು ಅಂಟಂಟು ಮುದ್ದೆಯಾಗಿತ್ತು. ಸಂಜೆ ಆರಾಗಿತ್ತು. ಪುಸ್ತಕದಲ್ಲಿ "ಫೇಲ್" ಎಂದಷ್ಟೇ ಬರೆದು, ರಿಯಾಕ್ಟರ್ ತೊಳೆದು ಬಸ್ಸು ಹಿಡಿದೆ. ತೂಕ ಎಷ್ಟು ಬಂತು, ಕ್ಸೈಲೀನ್ ಎಂಬ ದ್ರಾವಕದಲ್ಲಿ ಎಷ್ಟು ಪಾಲು ಕರಗಿತು, ಒಂದನ್ನೂ ಅಳೆಯಲಿಲ್ಲ.

ವಕೀಲರಿಗೆ ಬೇಕಿದ್ದದ್ದು ಅದೇ. ಬಿಸಿಯ ಈ ಮಿತಿಯೊಳಗೆ ಮಾಡಿದರೆ ಕೂಡಿಬರುತ್ತದೆ, ದಾಟಿದರೆ ಕೆಡುತ್ತದೆ ಎಂದು ತೋರಿಸಿದರೆ ಮಿತಿಯ ಮೇಲಿನ ನಮ್ಮ ಹಕ್ಕಿಗೆ ಬಲ. ಇಲ್ಲವಾದರೆ "ಇದು ಈ ಕೆಲಸ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು" ಎಂದು ಪೇಟೆಂಟ್ ಕಚೇರಿಯ ಪರೀಕ್ಷಕರು ಬದಿಗಿಡಬಹುದು. ಅದೇ ತಪ್ಪನ್ನು ಬೇಕೆಂದೇ ಮತ್ತೆ ಮಾಡಿ ಅಳೆಯಲು ಐದು ವಾರ ಹಿಡಿಯಿತು. ಮೊದಲು ಅರ್ಜಿ ಹಾಕಿದವರಿಗೆ ಹಕ್ಕು ಎನ್ನುವ ಕಾನೂನಿನಲ್ಲಿ ಐದು ವಾರವೆಂದರೆ ದೊಡ್ಡ ಅವಧಿ. ಬೇರೆ ಯಾರಾದರೂ ಮುಂದಾಗಿಬಿಟ್ಟರೆ ಎಂಬ ಭಯದಲ್ಲೇ ಅಷ್ಟೂ ದಿನ ಕಳೆದೆ.

ಈ ವಿದ್ಯೆ ಹುಟ್ಟಿದ್ದೇ ಕೆಟ್ಟ ಪ್ರಯೋಗದಿಂದ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. 1950ರ ದಶಕದ ಆರಂಭದಲ್ಲಿ ಜರ್ಮನಿಯ ಮ್ಯೂಲ್‌ಹೈಮಿನಲ್ಲಿ, ಕಾರ್ಲ್ ತ್ಸೀಗ್ಲರ್ ಅವರ ಲ್ಯಾಬಿನಲ್ಲಿ, ಎಥಿಲೀನ್ ಅನಿಲದ ಅಣುಗಳು ಉದ್ದ ಸರಪಳಿಯಾಗುವ ಬದಲು ಎರಡೆರಡೇ ಸೇರಿ ಬ್ಯೂಟೀನ್ ಆಗಿ ನಿಂತವು. ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. ಹುಡುಕಿದಾಗ ಪಾತ್ರೆಯಲ್ಲಿ ಉಳಿದಿದ್ದ ನಿಕ್ಕಲ್‌ನ ಲೇಶ ಸಿಕ್ಕಿತು. ಬೇರೆ ಲೋಹಗಳು ಏನು ಮಾಡುತ್ತವೆಂದು ಒಂದೊಂದನ್ನೇ ಹಾಕಿ ನೋಡುತ್ತ ಜಿರ್ಕೋನಿಯಂ, ಆಮೇಲೆ ಟೈಟಾನಿಯಂಗೆ ಬಂದರು. 1953ರ ನವೆಂಬರಿನಲ್ಲಿ ಪೇಟೆಂಟ್ ಅರ್ಜಿ, 1963ರಲ್ಲಿ ಇಟಲಿಯ ಜೂಲಿಯೋ ನಾಟಾ ಜೊತೆ ನೊಬೆಲ್.

ನನ್ನ ಆ ಮುದ್ದೆ ಈಗ ನಮ್ಮ ಅರ್ಜಿಯಲ್ಲಿ ಹೋಲಿಕೆಯ ಉದಾಹರಣೆ 1. ರಿಯಾಕ್ಟರ್ ತೊಳೆಯುವ ಮೊದಲು ನಾನು, ಜೊತೆಗಿರುವ ಹೊಸ ಹುಡುಗಿ, ಇಬ್ಬರೂ ಕೆಟ್ಟದ್ದನ್ನು ತೂಗಿ, ಅಳೆದು, ಅದೇ ದಿನ ಪುಟಕ್ಕೆ ಸಹಿ ಹಾಕುತ್ತೇವೆ. ಒಂದೊಂದು ಚಮಚ ಬಾಟಲಿಗೆ ತುಂಬಿ ಚೀಟಿ ಅಂಟಿಸಿಡುತ್ತೇವೆ. ಕಪಾಟಿನ ಕೆಳಗಿನ ಅರೆಯಲ್ಲಿ ಅಂಥವು 23 ಇವೆ.