ಕಲ್ಲಿನ ಕೋಟೆಯಲ್ಲಿ ನೀರಿನ ಜಾಡು ಹಿಡಿದು

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿಲೋಮೀಟರು. ಬೆಳಗಿನ ಜಾವ ಬಸ್ಸು ಹತ್ತಿದ ನಾನೂ ಅಮ್ಮನೂ ತುಮಕೂರು, ಶಿರಾ, ಹಿರಿಯೂರು ದಾಟಿದೆವು. ದುರ್ಗ ಹತ್ತಿರವಾದಂತೆ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅಮ್ಮನ ತವರು ಚಳ್ಳಕೆರೆ ಕಡೆ. "ನಮ್ ಸೀಮೇಲಿ ಗಾಳಿಗೇನೂ ಬರ ಇಲ್ಲ. ಮಳೆಗೇ ಬರ" ಅಂದಳು.

ಆ ಮಾತು ತಲೆಯಲ್ಲಿದ್ದುದಕ್ಕೋ ಏನೋ, ಏಳು ಸುತ್ತಿನ ಕೋಟೆಯಲ್ಲಿ ನನ್ನ ಕಣ್ಣು ಉದ್ದಕ್ಕೂ ನೀರನ್ನೇ ಹುಡುಕಿತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ, ಬಂಡೆ ಸೀಳಲು ಬೆಣೆ ಹೊಡೆದ ಕುಳಿಗಳ ಸಾಲು, ಸಿಡಿಮದ್ದು ಅರೆಯುತ್ತಿದ್ದ ನಾಲ್ಕು ಬೀಸುವ ಕಲ್ಲುಗಳು, ಎಲ್ಲವನ್ನೂ ನೋಡಿದೆವು. ಏಕನಾಥೇಶ್ವರಿಗೆ ಕೈಮುಗಿದು, ಹಿಡಿಂಬೇಶ್ವರನ ಗುಡಿಯ ಮೆಟ್ಟಿಲಲ್ಲಿ ಕೂತು ದಣಿವಾರಿಸಿಕೊಂಡೆವು.

ಗೋಪಾಲಸ್ವಾಮಿ ಹೊಂಡದ ಹತ್ತಿರ ಗೈಡ್ ನಿಂತರು. ಹಿಂದಿನ ವಾರ ಮಳೆ ಬಿದ್ದಿತ್ತು. ಹಸಿರು ನೀರಿನಲ್ಲಿ ಬಂಡೆಗಳ ನೆರಳು ಅಲುಗುತ್ತಿತ್ತು. "ಇದು ತುಂಬಿದ್ರೆ ನೀರು ಸುಮ್ನೆ ಪೋಲಾಗಲ್ಲ ಕಣಮ್ಮ. ಅಕ್ಕ-ತಂಗಿ ಹೊಂಡಕ್ಕೆ ಇಳೀತೈತೆ. ಅಲ್ಲಿಂದ ಸಿಹಿನೀರು ಹೊಂಡ, ಆಮ್ಯಾಲೆ ಊರೊಳಗಿನ ಸಂತೆ ಹೊಂಡ." ಬೆಟ್ಟದ ಮೇಲೆ ಬಿದ್ದ ಮಳೆಗೆ ಇಷ್ಟು ಕಾಳಜಿಯಿಂದ ದಾರಿ ಮಾಡಿಕೊಟ್ಟವರ ಮುಂದೆ ನಾನು ಮನಸ್ಸಿನಲ್ಲೇ ತಲೆಬಾಗಿದೆ. ಬಯಲುಸೀಮೆಯ ಪಾಳೆಗಾರರು ಹೈದರಾಲಿಯ ಮುತ್ತಿಗೆಗಳನ್ನು ಎದುರಿಸಿ ನಿಂತದ್ದರಲ್ಲಿ ಗೋಡೆಗಳಷ್ಟೇ ಪಾಲು ಈ ಹೊಂಡಗಳದ್ದೂ ಇದೆ ಎಂದು ನನಗನಿಸುತ್ತದೆ. 1779ರಲ್ಲಿ ಕೋಟೆ ಬಿತ್ತು, ಮದಕರಿ ನಾಯಕ ಸೆರೆಯಾದ. ಆಗ ಅವನ ರಾಣಿಯರಿಬ್ಬರು ಅಕ್ಕ-ತಂಗಿ ಹೊಂಡಕ್ಕೆ ಹಾರಿ ಪ್ರಾಣಬಿಟ್ಟರೆಂದು ಊರವರು ಇಂದಿಗೂ ಹೇಳುತ್ತಾರೆ.

ಓಬವ್ವನ ಕಿಂಡಿಗೆ ಹೋದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಯೂ ನೀರಿನದೇ ಕಥೆ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಬಂದವಳು ಓಬವ್ವ. ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಎತ್ತಿದಳು. ನಾನು ಆ ಸಂದಿಯಲ್ಲಿ ತೂರಿದೆ. ಭುಜ ಎರಡೂ ಕಡೆ ಬಂಡೆಗೆ ತಾಗಿತು, ತಲೆ ಮೊದಲು ಹೊರಬಂತು. ಆಗ ಅರ್ಥವಾಯಿತು, ಒಬ್ಬಳೇ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳೆಂದು. ಪಕ್ಕದಲ್ಲಿ ತಣ್ಣೀರು ದೋಣಿ ಎಂಬ ಪುಟ್ಟ ಹೊಂಡದಲ್ಲಿ ಕೈ ಅದ್ದಿದೆ. ಅಂಥ ಬಿಸಿಲಲ್ಲೂ ಬೆರಳು ಜುಮ್ಮೆಂದಿತು. ಅಮ್ಮ ಬೊಗಸೆಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಳು.

ಸಂಜೆ ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಸಂತೆ ಹೊಂಡಕ್ಕೆ ನಡೆದೆವು. ಸುತ್ತ ಆಟೋಗಳ ಸದ್ದು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕವರುಗಳು ತೇಲುತ್ತಿದ್ದವು, ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಪಕ್ಕದಲ್ಲಿ ನಿಂತಿದ್ದ ಹಿರಿಯರನ್ನು ಅಮ್ಮ ಕೇಳಿದಳು: "ಇದು ಮೇಲಿನ ನೀರೇನಾ, ಯಜಮಾನ್ರೇ?"

"ಹೂಂ ತಾಯಿ, ಕೋಟೆದೇ."

ಅಮ್ಮ ಕಂಬಿ ಹಿಡಿದು ಕತ್ತಲಾಗುವವರೆಗೂ ಅಲ್ಲೇ ನಿಂತಳು. ಏಳು ಗಂಟೆಯ ಬಸ್ಸು ತಪ್ಪಿತು. ಎಂಟರದಕ್ಕೆ ಹತ್ತಿದೆವು.