ಕೊನೆಯ ಸಾಲಿನಿಂದ ಅಳತೆ: ಒಂದು ಸಮ್ಮೇಳನದ ಧ್ವನಿ-ದೃಶ್ಯ ತಯಾರಿ ಎಲ್ಲಿಗೆ ಬಂತು

ತುಮಕೂರು ರಸ್ತೆಯಲ್ಲಿ ಮಾದಾವರದ ಕಡೆ ಇರುವ ದೊಡ್ಡ ಸಭಾಂಗಣವೊಂದರಲ್ಲಿ ನಡೆಯಲಿರುವ ತಂತ್ರಾಂಶ ಕಂಪನಿಯೊಂದರ ವಾರ್ಷಿಕ ಸಮ್ಮೇಳನಕ್ಕೆ ಧ್ವನಿ, ಪರದೆ, ಕ್ಯಾಮೆರಾ ಮತ್ತು ಬೆಳಕಿನ ಹೊಣೆ ನಮ್ಮ ತಂಡದ್ದು. ನಕ್ಷೆ ಅಂತಿಮವಾಗಿದೆ, ಬಾಡಿಗೆ ಸಾಮಾನಿನ ಪಟ್ಟಿಗೆ ಒಪ್ಪಿಗೆ ಸಿಕ್ಕಿದೆ, ಕಟ್ಟುವ ಕೆಲಸ ಇನ್ನೂ ಶುರುವಾಗಿಲ್ಲ. ಇಲ್ಲಿಯವರೆಗೆ ಯಾವ ತೀರ್ಮಾನವನ್ನು ಏಕೆ ತೆಗೆದುಕೊಂಡೆವು ಎಂಬುದನ್ನು ದಾಖಲಿಸಿಡುತ್ತಿದ್ದೇನೆ.

ಆಯೋಜಕರು ಸಭಾಂಗಣವನ್ನು ಯಾವಾಗಲೂ ವೇದಿಕೆಯ ಮುಂದಿನ ಸೋಫಾದಲ್ಲಿ ಕುಳಿತು ಕಲ್ಪಿಸಿಕೊಳ್ಳುತ್ತಾರೆ. ನಾವು ಈ ಬಾರಿ ಎಲ್ಲ ಲೆಕ್ಕವನ್ನೂ ವೇದಿಕೆಯಿಂದ 56 ಮೀಟರ್ ದೂರದ ಕೊನೆಯ ಸಾಲಿನಿಂದ ಆರಂಭಿಸಿದೆವು.

ಪರದೆ ಮತ್ತು ಅಕ್ಷರ

ವೇದಿಕೆಯ ಹಿಂದೆ 12 ಮೀಟರ್ ಅಗಲ, 4 ಮೀಟರ್ ಎತ್ತರದ ಎಲ್‌ಇಡಿ ವಾಲ್ ಬರಲಿದೆ. ಅರ್ಧ ಮೀಟರ್ ಚೌಕದ ಪ್ಯಾನೆಲ್‌ಗಳು, ಪ್ರತಿಯೊಂದರಲ್ಲೂ ಉದ್ದಕ್ಕೆ 192, ಅಗಲಕ್ಕೆ 192 ಪಿಕ್ಸೆಲ್. ಅಂದರೆ ಒಟ್ಟು 4608 × 1536. ಭಾಷಣಕಾರರು ಕಳುಹಿಸುವ ಸ್ಲೈಡುಗಳೆಲ್ಲ 16:9 ಅಳತೆಯವಾದ್ದರಿಂದ ಅವನ್ನು ಪೂರ್ತಿ ಎತ್ತರಕ್ಕೆ ಹಿಗ್ಗಿಸಿದರೂ ನಡುವಿನ 7.1 ಮೀಟರ್ ಮಾತ್ರ ತುಂಬುತ್ತದೆ. ಉಳಿದ ಎರಡು ಪಕ್ಕಗಳಲ್ಲಿ ಒಂದಕ್ಕೆ ಭಾಷಣಕಾರರ ಲೈವ್ ಚಿತ್ರ, ಇನ್ನೊಂದಕ್ಕೆ ಸಮ್ಮೇಳನದ ಲಾಂಛನ ಎಂದು ನಿರ್ಧಾರವಾಗಿದೆ.

ಇಷ್ಟು ದೊಡ್ಡ ಗೋಡೆ ಇರುವಾಗ ಸಭಾಂಗಣದ ಮಧ್ಯೆ ಮತ್ತೆರಡು ಪರದೆ ಏಕೆ ಎಂದು ಕಂಪನಿಯ ಖರೀದಿ ವಿಭಾಗದವರು ಕೇಳಿದರು. ಲೆಕ್ಕ ಹೀಗಿದೆ. ಸಾಮಾನ್ಯ ಸ್ಲೈಡಿನ ಎತ್ತರ 540 ಪಾಯಿಂಟ್. ಅದರಲ್ಲಿ 24 ಪಾಯಿಂಟಿನ ಬರಹ 4 ಮೀಟರ್ ಪರದೆಯ ಮೇಲೆ ಸುಮಾರು 18 ಸೆಂಟಿಮೀಟರ್ ಜಾಗ ಹಿಡಿದರೂ, ಅಕ್ಷರದ ಮೈ ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ 9 ಸೆಂಟಿಮೀಟರ್. ಕಣ್ಣಿನ ವೈದ್ಯರ ಫಲಕದಲ್ಲಿ 6/6 ದೃಷ್ಟಿಗೆಂದು ಇಟ್ಟಿರುವ ಸಾಲಿನ ಅಕ್ಷರ ಕಣ್ಣಿನಲ್ಲಿ ಮಾಡುವ ಕೋನ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಭಾಗ. ನಮ್ಮ 9 ಸೆಂಟಿಮೀಟರ್ ಅಕ್ಷರ ಕೊನೆಯ ಸಾಲಿನಿಂದ ಅದಕ್ಕಿಂತ ಒಂದು ಕೂದಲೆಳೆ ಮಾತ್ರ ದೊಡ್ಡದು.

ಅಂಕಿಗಳು ಸಭೆಯಲ್ಲಿ ಯಾರನ್ನೂ ಒಪ್ಪಿಸುವುದಿಲ್ಲ. ಆದ್ದರಿಂದ ಜಾಗ ನೋಡಲು ಹೋದ ದಿನ ‘ತಂತ್ರಜ್ಞಾನ’ ಎಂಬ ಪದವನ್ನು ಅದೇ 9 ಸೆಂಟಿಮೀಟರ್ ಎತ್ತರದಲ್ಲಿ ಕಾಗದಗಳ ಮೇಲೆ ಮುದ್ರಿಸಿ, ವೇದಿಕೆ ಬರುವ ಜಾಗದಲ್ಲಿ ಅಂಟಿಸಿ, ಸಹಾಯಕ ಹುಡುಗನನ್ನು ಕೊನೆಯ ಸಾಲಿನ ಗುರುತಿನಲ್ಲಿ ನಿಲ್ಲಿಸಿದೆವು. ಅವನು ಕಣ್ಣು ಕಿರಿದು ಮಾಡಿ ನೋಡಿ, “ಸಾರ್, ಅಕ್ಷರ ಕಾಣ್ತಿದೆ, ಒತ್ತು ಯಾವುದು ಅಂತ ಗೊತ್ತಾಗ್ತಿಲ್ಲ” ಎಂದ. ಕನ್ನಡದ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದಾಗಿರುವುದರಿಂದ ಮೊದಲು ಮಸುಕಾಗುವುದು ಅದೇ. ಖರೀದಿ ವಿಭಾಗದವರೂ ಅಲ್ಲಿಗೆ ನಡೆದು ಹೋಗಿ ನೋಡಿದರು; ಎರಡು ಪರದೆಗೂ ಅಂದೇ ಒಪ್ಪಿಗೆ ದೊರೆಯಿತು. ವೇದಿಕೆಯಿಂದ 30 ಮೀಟರ್ ಬಳಿಯ ಟ್ರಸ್‌ಗೆ (ಸಾಮಾನು ತೂಗುಹಾಕುವ ಲೋಹದ ಚೌಕಟ್ಟಿಗೆ) 2.8 ಮೀಟರ್ ಎತ್ತರದ ಪರದೆಗಳನ್ನು ತೂಗುಹಾಕಿದರೆ ಕೊನೆಯ ಸಾಲಿಗೆ ಅಕ್ಷರ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ.

ಕನ್ನಡದ ವಿಷಯದಲ್ಲೇ ಇನ್ನೊಂದು ಕೆಲಸ ಎದುರಾಯಿತು. ರಾಜ್ಯ ಸರ್ಕಾರದ ಅಧಿಕಾರಿಯೊಬ್ಬರು ಕನ್ನಡದಲ್ಲಿ ಮಾತನಾಡಲಿದ್ದಾರೆ. ಅವರ ಕಚೇರಿಯಿಂದ ಬಂದ ಸ್ಲೈಡುಗಳನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡಿತು. ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕೂರಿಸಿರುವುದರಿಂದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಸಂಕೇತವಷ್ಟೇ ಬಯಲಾಗುತ್ತದೆ. ಫಾಂಟ್ ತಂದು ಹಾಕಿಕೊಂಡರೆ ತಾತ್ಕಾಲಿಕವಾಗಿ ಸರಿಹೋಗುತ್ತಿತ್ತು. ಆದರೆ ಮುಖ್ಯ ಯಂತ್ರ, ಬದಲಿ ಯಂತ್ರ, ನೇರಪ್ರಸಾರದ ಗ್ರಾಫಿಕ್ಸ್ ಯಂತ್ರ ಈ ಮೂರರಲ್ಲೂ ಅದೇ ಬರಹ ಓಡಬೇಕಾದ್ದರಿಂದ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತುಗಳನ್ನು ಸಾಲುಸಾಲಾಗಿ ಓದಿ ಸರಿಪಡಿಸಿದೆವು. ಅಧಿಕಾರಿಯವರ ಕಚೇರಿಗೆ ತಿದ್ದಿದ ಪ್ರತಿ ಹೋಗಿದೆ, ಒಪ್ಪಿಗೆಯೂ ಬಂದಿದೆ.

ಧ್ವನಿ

ಮುಖ್ಯ ಲೈನ್ ಅರೇ ಸ್ಪೀಕರುಗಳು, ಅಂದರೆ ಒಂದರ ಕೆಳಗೊಂದು ಪೋಣಿಸಿದ ಸ್ಪೀಕರುಗಳ ಸಾಲು, ವೇದಿಕೆಯ ಎರಡು ಪಕ್ಕಗಳಲ್ಲಿ ಬರುತ್ತವೆ. ಹಿಂದಿನವರಿಗೆ ಕೇಳಿಸಲೆಂದು ಅವುಗಳನ್ನೇ ಜೋರು ಮಾಡಿದರೆ ಮುಂದಿನವರ ಕಿವಿ ಹರಿಯುತ್ತದೆ, ಹಿಂಗೋಡೆಯಿಂದ ಪ್ರತಿಧ್ವನಿ ಮರಳಿ ಬಂದು ಮಾತೇ ಕಲಸಿಹೋಗುತ್ತದೆ. ಹಾಗಾಗಿ ಅದೇ 30 ಮೀಟರ್ ಟ್ರಸ್‌ನಲ್ಲಿ ಎರಡನೆಯ ಸಾಲಿನ ಸ್ಪೀಕರುಗಳೂ ಇರುತ್ತವೆ. ಶಬ್ದ 25 ಡಿಗ್ರಿ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುವುದರಿಂದ ಆ ದೂರ ಕ್ರಮಿಸಲು 87 ಮಿಲಿಸೆಕೆಂಡ್ ಬೇಕು. ಹಿಂದಿನ ಸ್ಪೀಕರಿಗೆ ಅಷ್ಟು ವಿಳಂಬ ಕೊಟ್ಟು, ಅದರ ಮೇಲೆ ಇನ್ನೊಂದು 10ರಿಂದ 15 ಮಿಲಿಸೆಕೆಂಡ್ ಸೇರಿಸಿದರೆ, ಕಿವಿ ಮೊದಲು ಬಂದ ಧ್ವನಿಯ ದಿಕ್ಕನ್ನೇ ಹಿಡಿಯುವುದರಿಂದ ಮಾತು ತಲೆಯ ಮೇಲಿನ ಪೆಟ್ಟಿಗೆಯಿಂದಲ್ಲ, ವೇದಿಕೆಯಿಂದಲೇ ಬಂದಂತೆ ಅನ್ನಿಸುತ್ತದೆ. ಜನ ತುಂಬಿ ಸೆಕೆ ಏರಿದರೆ ಈ ಲೆಕ್ಕ ಕೆಡುವುದಿಲ್ಲವೇ ಎಂದು ತಂಡದಲ್ಲಿ ಚರ್ಚೆಯಾಯಿತು. 20ರಿಂದ 30 ಡಿಗ್ರಿಗೆ ಏರಿದರೂ ಈ ದೂರಕ್ಕೆ ವ್ಯತ್ಯಾಸ ಒಂದೂವರೆ ಮಿಲಿಸೆಕೆಂಡ್, ತಲೆಕೆಡಿಸಿಕೊಳ್ಳುವಂಥದ್ದಲ್ಲ.

ತುಟಿ ಮತ್ತು ಮಾತಿನ ಹೊಂದಾಣಿಕೆಗೆ ಹೆಚ್ಚು ಹೊತ್ತು ಹಿಡಿಯಿತು. ಕ್ಯಾಮೆರಾ, ಚಿತ್ರಗಳನ್ನು ಆರಿಸಿ ಬದಲಿಸುವ ಸ್ವಿಚರ್, ಚಿತ್ರವನ್ನು ಗೋಡೆಯ ಪ್ಯಾನೆಲ್‌ಗಳಿಗೆ ಹಂಚುವ ಎಲ್‌ಇಡಿ ಪ್ರೊಸೆಸರ್ ದಾಟಿ ಚಿತ್ರ ಪರದೆಗೆ ಬರುವಷ್ಟರಲ್ಲಿ, ಸೆಕೆಂಡಿಗೆ 50 ಫ್ರೇಮಿನ ಲೆಕ್ಕದಲ್ಲಿ ನಾಲ್ಕು ಫ್ರೇಮ್, ಅಂದರೆ 80 ಮಿಲಿಸೆಕೆಂಡ್ ತಡವಾಗುತ್ತದೆ ಎಂದು ಎಣಿಸಿದ್ದೇವೆ. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದರೆ ನೋಡುಗರಿಗೆ ತಿಳಿಯುತ್ತದೆ, ಹಿಂದೆ ಬಿದ್ದರೆ 125ರವರೆಗೂ ತಿಳಿಯುವುದಿಲ್ಲ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಕೊನೆಯ ಸಾಲಿಗೆ ಧ್ವನಿ ಹೇಗೂ 170 ಮಿಲಿಸೆಕೆಂಡಿನ ಹೊತ್ತಿಗೆ ತಲುಪುವುದರಿಂದ ಅಲ್ಲಿ ಅಂತರ ಸುಮಾರು 90, ಅದು ಮಿತಿಯೊಳಗೇ ಇದೆ. ಮೊದಲ ಸಾಲುಗಳಲ್ಲಿ ಧ್ವನಿ ಮುಂದೋಡುತ್ತದೆ, ನಿಜ. ಆದರೆ ಅಲ್ಲಿ ಕುಳಿತವರು ಪರದೆಯನ್ನಲ್ಲ, ಎದುರಿಗೆ ನಿಂತ ಮನುಷ್ಯರನ್ನು ನೋಡುತ್ತಾರೆ. ಮುಖ್ಯ ಧ್ವನಿಯನ್ನೇ ತಡಮಾಡಿದರೆ ಅವರಿಗೆ ನಿಜವಾದ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಅದನ್ನು ಮುಟ್ಟಬಾರದೆಂದು ತೀರ್ಮಾನಿಸಿದೆವು.

ವಿದ್ಯುತ್ತು ಮತ್ತು ಬಾಕಿ ಕೆಲಸ

ಇಡೀ ಕಾರ್ಯಕ್ರಮ ಜೋಡಿ ಜನರೇಟರುಗಳ ಮೇಲೆ ನಡೆಯುತ್ತದೆ. ನಿಯಂತ್ರಣ ಕನ್ಸೋಲ್, ಸ್ವಿಚರ್ ಮತ್ತು ಪ್ಲೇಬ್ಯಾಕ್ ಯಂತ್ರಗಳಿಗೆ ಪ್ರತ್ಯೇಕ ಯುಪಿಎಸ್ ಇದೆ. ವಿದ್ಯುತ್ತು ಒಂದೆರಡು ಸೆಕೆಂಡ್ ಹೋಗಿ ಬಂದರೆ ದೀಪಗಳು ಮತ್ತೆ ಹೊತ್ತಿಕೊಳ್ಳುತ್ತವೆ, ಕಂಪ್ಯೂಟರುಗಳು ಎದ್ದು ಕೂರಲು ನಿಮಿಷಗಳು ಬೇಕು. ಬೆಳಕನ್ನು ಏರಿಳಿಸುವ ಡಿಮ್ಮರುಗಳ ಗುಂಯ್‌ಗುಡುವಿಕೆ ಮೈಕಿಗೆ ಹತ್ತದಂತೆ ಧ್ವನಿಯ ವಿದ್ಯುತ್ ಸಂಪರ್ಕವನ್ನು ಬೇರೆಯೇ ಎಳೆಯಲಾಗುವುದು.

ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಲು ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಕೊಟ್ಟಿವೆ. ಆದರೆ ಕಟ್ಟುವ ರಾತ್ರಿ ಲಾರಿಗಳಿಂದ ಸಾಮಾನಿಳಿಸಲು ನಮ್ಮ ದೊಡ್ಡ ಬಾಗಿಲುಗಳು ತೆರೆದೇ ಇರುತ್ತವೆ. ಆದ್ದರಿಂದ ಸ್ಪೀಕರುಗಳನ್ನು ನುಡಿಸಿ ಅಳೆಯುವ ಕೆಲಸವನ್ನು 10ರೊಳಗೆ ಮುಗಿಸಿ, ಬಳಿಕ ಪರದೆಯ ಬಣ್ಣ ಹೊಂದಿಸುವ ಸದ್ದಿಲ್ಲದ ಕೆಲಸ ಹಿಡಿಯುತ್ತೇವೆ.

ವೈರ್‌ಲೆಸ್ ಮೈಕುಗಳ ಕಂಪನಾಂಕಗಳ ಪಟ್ಟಿ ಕಾಗದದ ಮೇಲೆ ಸಿದ್ಧವಾಗಿದೆ. ಸ್ಥಳದಲ್ಲಿ ಸ್ಕ್ಯಾನ್ ಮಾಡಿದ ನಂತರವೇ ಅದು ಅಂತಿಮ. ಕಾರ್ಯಕ್ರಮದ ಕ್ರಮಪಟ್ಟಿಯಾದ ಶೋ ಫ್ಲೋನಲ್ಲಿ ಇನ್ನೂ ಎರಡು ಚರ್ಚಾಗೋಷ್ಠಿಗಳ ಕುರ್ಚಿಗಳ ಸಂಖ್ಯೆ ಖಚಿತವಾಗಿಲ್ಲ, ಅದಿಲ್ಲದೆ ಕಾಲರ್ ಮೈಕ್ ಎಷ್ಟು ಬೇಕೆಂದು ಹೇಳಲಾಗದು. ಅಧ್ಯಕ್ಷರು ತಾಲೀಮಿಗೆ 20 ನಿಮಿಷ ಬರುತ್ತಾರೆಂದು ಅವರ ಕಚೇರಿ ತಿಳಿಸಿದೆ. ನಾನು 40 ಕೇಳಿದ್ದೇನೆ, ಉತ್ತರಕ್ಕಾಗಿ ಕಾಯುತ್ತಿದ್ದೇನೆ.